ಸನ್ನತಿಯ ಅಶೋಕ ಮತ್ತು ದಿಕ್ಕಿಲ್ಲದವರ ಸೂರು

ಚಿತ್ತಾಪುರ ತಾಲ್ಲೂಕಿನ ಸನ್ನತಿ ಭೀಮಾ ನದಿಯ ದಂಡೆಯ ಊರು. ಚಂದ್ರಲಾ ಪರಮೇಶ್ವರಿಯ ಕ್ಷೇತ್ರವೆಂದು ಈ ಭಾಗದ ಮನೆಮನೆಗೂ ಪರಿಚಿತ. 1986ರಲ್ಲಿ ಅಲ್ಲಿಯ ದೇವಾಲಯ ಸಂಕೀರ್ಣದ ಕಾಳಿಯ ಗುಡಿಯ ಛಾವಣಿ ಕುಸಿದು ಮೂರ್ತಿ ಭಗ್ನವಾಯಿತು. ಆ ಮೂರ್ತಿಯನ್ನು ನಿಲ್ಲಿಸಿದ್ದ ಪೀಠದ ಕಲ್ಲಿನ ಮೇಲೆ ಬ್ರಾಹ್ಮಿ ಲಿಪಿಯ ಸಾಲುಗಳಿದ್ದುದು ಆಗ ಬೆಳಕಿಗೆ ಬಂತು. ಓದಿ ನೋಡಿದಾಗ ಅದು ಮೌರ್ಯ ಚಕ್ರವರ್ತಿ ಅಶೋಕನ ಪ್ರಾಕೃತ ಶಾಸನ. ಒಂದು ಮುಖದಲ್ಲಿ ಅವನ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆಶಾಸನಗಳ ಭಾಗಗಳು. ಇನ್ನೊಂದು ಮುಖದಲ್ಲಿ, ಅದುವರೆಗೆ ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ದೊರೆತಿದ್ದ ಎರಡು ಪ್ರತ್ಯೇಕ ಶಾಸನಗಳು. ಮೂರ್ತಿಯನ್ನು ಕೂರಿಸಲು ಹಿಂದೆ ಯಾರೋ ಕಲ್ಲಿನ ನಡುವೆ ರಂಧ್ರ ಕೊರೆದಿದ್ದಾರೆ. ಅಷ್ಟು ಭಾಗದ ಅಕ್ಷರಗಳು ಕಾಣೆಯಾಗಿವೆ.

ಪ್ರತ್ಯೇಕ ಶಾಸನಗಳಲ್ಲಿ ಮೊದಲನೆಯದು ಯುದ್ಧದ ಮಾತನ್ನಾಡುವುದಿಲ್ಲ, ದಾನಧರ್ಮದ ಮಹಿಮೆಯನ್ನೂ ಹೊಗಳುವುದಿಲ್ಲ. ಅಧಿಕಾರಿಗಳ ಕೈಗೆ ಸಿಕ್ಕ ನಿಸ್ಸಹಾಯಕ ಮನುಷ್ಯನ ಪಾಡು ಏನು, ಅವನಿಗೆ ಹೊಣೆ ಯಾರು ಎಂಬುದೇ ಅದರ ವಿಷಯ. ಕಳಿಂಗ ಯುದ್ಧ, ಧರ್ಮಚಕ್ರ, ಸಾಲುಮರಗಳ ಅಶೋಕನನ್ನು ನಮ್ಮ ಶಾಲಾ ಪುಸ್ತಕಗಳು ಬಲ್ಲವು. ಈ ಅಶೋಕನನ್ನು ಅಷ್ಟಾಗಿ ಬಲ್ಲವಲ್ಲ.

ಅವನನ್ನು ಇಂದು ನೆನೆಯಲು ಕಾರಣ ಸನ್ನತಿಗೆ ದೂರವಲ್ಲದ ರೈಲುಹಳಿಗಳಲ್ಲಿದೆ. ಮುಂಬೈಯಿಂದ ಚೆನ್ನೈಗೆ ಹೋಗುವ ಹಳಿ ಕಲಬುರಗಿ, ಶಹಾಬಾದಗಳನ್ನು ದಾಟಿ ವಾಡಿಗೆ ಬರುತ್ತದೆ. ನಿಜಾಮರ ಕಾಲದಲ್ಲಿ, 1874ರಲ್ಲಿ ಹಾಕಿದ ಸಿಕಂದರಾಬಾದಿನ ಹಳಿ ಸೇಡಂ, ಮಳಖೇಡ, ಚಿತ್ತಾಪುರಗಳನ್ನು ಹಾದು ಅದೇ ವಾಡಿಯಲ್ಲಿ ಸೇರುತ್ತದೆ. ಇಂಥ ದೊಡ್ಡ ಜಂಕ್ಷನ್ನುಗಳಲ್ಲಿ ಮನಸ್ಸಿನ ಹತೋಟಿ ತಪ್ಪಿ ಮನೆಬಿಟ್ಟು ರೈಲು ಹತ್ತಿದವರು ಬಂದು ಇಳಿಯುತ್ತಾರೆ, ಅಥವಾ ಟಿಕೆಟ್ಟಿಲ್ಲವೆಂದು ಇಳಿಸಲ್ಪಡುತ್ತಾರೆ. ಇಳಿದ ಊರಿನ ಭಾಷೆ ಅವರಿಗೆ ಬಾರದು. ಅವರಾಡುವುದು ಊರಿನವರಿಗೆ ತಿಳಿಯದು. ಹೊರಗಿನಿಂದ ಬಂದವರಷ್ಟೇ ಅಲ್ಲ. ಚಿಂಚೋಳಿಯ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋದವರಲ್ಲಿ ಕೆಲವರು ಚಿತ್ತ ಕದಡಿಕೊಂಡು ಮರಳುತ್ತಾರೆ. ಸೇಡಂ, ಚಿಂಚೋಳಿಗಳ ಆಚೆಗೆ ತೆಲಂಗಾಣ. ಸೇಂದಿಗೆ ಕ್ಲೋರಲ್ ಹೈಡ್ರೇಟಿನ ಪುಡಿ ಬೆರೆಸುವ ದಂಧೆ ಆ ಗಡಿಯ ಜನಕ್ಕೆ ಹೊಸತಲ್ಲ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು, ಕುಡಿತ ನಿಲ್ಲಲಿಲ್ಲ. ಪುಡಿಯ ಅಮಲಿಗೆ ಒಗ್ಗಿದವನಿಗೆ ಅದು ಒಮ್ಮೆಲೇ ತಪ್ಪಿದರೆ ಕೈನಡುಕ, ಬಡಬಡಿಕೆ, ಭ್ರಮೆ. ಇಂಥವನನ್ನು ಮನೆಯವರು ಒಂದು ಹಂತದವರೆಗೆ ಸಹಿಸುತ್ತಾರೆ. ಆಮೇಲೆ ಬಸ್ ನಿಲ್ದಾಣ, ಗುಡಿಯ ಕಟ್ಟೆ, ದರ್ಗಾದ ಅಂಗಳವೇ ಅವನ ಮನೆ.

ಇಂಥ ಮನುಷ್ಯನ ಬಗ್ಗೆ ಪ್ರಭುತ್ವಕ್ಕೆ ಕರ್ತವ್ಯವಿದೆಯೆಂದು ಈ ನೆಲದಲ್ಲಿ ಮೊದಲು ಬರೆದಿಟ್ಟವನ ಬದುಕು ಕರುಣೆಯಿಂದ ಆರಂಭವಾದುದಲ್ಲ.

ಬೌದ್ಧ ಕಥೆಗಳ ಅಶೋಕ ತಂದೆಗೆ ಬೇಡವಾದ ಮಗ. ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗನಾದ ಅವನ ಮೈಚರ್ಮ ಒರಟಾಗಿತ್ತು, ಅದಕ್ಕಾಗಿ ರಾಜ ಅವನನ್ನು ದೂರವಿಟ್ಟಿದ್ದ ಎಂದು ಅಶೋಕಾವದಾನ ಹೇಳುತ್ತದೆ. ತಕ್ಷಶಿಲೆಯಲ್ಲಿ ದಂಗೆಯೆದ್ದಾಗ ಅದನ್ನು ಅಡಗಿಸಲು ಈ ಮಗನನ್ನೇ ಕಳುಹಿಸಲಾಯಿತು. ಪಟ್ಟಣದ ಜನ ಕತ್ತಿ ಹಿರಿಯುವ ಬದಲು ದಾರಿಯನ್ನು ಸಿಂಗರಿಸಿ ಅವನನ್ನು ಎದುರುಗೊಂಡರಂತೆ. ತಮ್ಮ ಸಿಟ್ಟು ರಾಜನ ಮೇಲೂ ಅಲ್ಲ, ರಾಜಕುಮಾರನ ಮೇಲೂ ಅಲ್ಲ, ತಮ್ಮನ್ನು ಹಿಂಸಿಸುವ ದುಷ್ಟ ಅಧಿಕಾರಿಗಳ ಮೇಲೆ ಎಂದು ನಿವೇದಿಸಿದರಂತೆ. ಇದು ಕಥೆಯೇ ಇರಬಹುದು. ಆದರೆ ಅಧಿಕಾರಿಗಳನ್ನು ತಪಾಸಣೆ ಮಾಡಬೇಕಾದ ಪಟ್ಟಣಗಳ ಸಾಲಿನಲ್ಲಿ ಮುಂದೆ ಅಶೋಕನೇ ಕಲ್ಲಿನ ಮೇಲೆ ತಕ್ಷಶಿಲೆಯ ಹೆಸರನ್ನು ಕೆತ್ತಿಸಿದ ಎಂಬುದು ಕಥೆಯಲ್ಲ.

ಆನಂತರ ಉಜ್ಜಯಿನಿಯ ಆಡಳಿತ. ಸಿಂಹಳದ ವೃತ್ತಾಂತಗಳ ಪ್ರಕಾರ ಅಲ್ಲಿಗೆ ಹೋಗುವ ದಾರಿಯಲ್ಲಿ, ವಿದಿಶೆಯಲ್ಲಿ ವರ್ತಕನೊಬ್ಬನ ಮಗಳನ್ನು ಅವನು ವರಿಸಿದ. ಮಹೇಂದ್ರ, ಸಂಘಮಿತ್ರೆಯರು ಅವಳ ಮಕ್ಕಳು. ಬಿಂದುಸಾರ ತೀರಿಕೊಂಡ ಮೇಲೆ ಪಟ್ಟಾಭಿಷೇಕಕ್ಕೆ ನಾಲ್ಕು ವರ್ಷ ತಡವಾಯಿತೆಂದು ಅದೇ ವೃತ್ತಾಂತಗಳು ಹೇಳುತ್ತವೆ. ಸುಮಾರು ಕ್ರಿ.ಪೂ. 268ರಲ್ಲಿ ಅವನು ಸಿಂಹಾಸನವೇರಿದ. ನಡುವಿನ ವರ್ಷಗಳಲ್ಲಿ ಅಣ್ಣತಮ್ಮಂದಿರ ಕಾಳಗ ನಡೆದಿರಬೇಕು. ತೊಂಬತ್ತೊಂಬತ್ತು ಸೋದರರನ್ನು ಕೊಂದನೆಂಬುದು ಮಾತ್ರ ಅವನ ಕ್ರೌರ್ಯವನ್ನು ಹಿಗ್ಗಿಸಿ ಮುಂದಿನ ಪರಿವರ್ತನೆಗೆ ಮೆರುಗು ಕೊಡಲು ಹೆಣೆದ ಲೆಕ್ಕ. ಪಟ್ಟವೇರಿ 13 ವರ್ಷಗಳಾದ ಮೇಲಿನ ಶಾಸನದಲ್ಲಿ ಅವನು ತನ್ನ ಸೋದರ ಸೋದರಿಯರ ಮನೆಗಳನ್ನು ಉಲ್ಲೇಖಿಸುತ್ತಾನೆ.

ಇನ್ನೊಂದು ಕಥೆಯನ್ನು ಇಲ್ಲಿ ಬಿಡುವಂತಿಲ್ಲ. ಯೌವನದ ಅಶೋಕ ಪಾಟಲಿಪುತ್ರದಲ್ಲಿ ಒಂದು ಸೆರೆಮನೆ ಕಟ್ಟಿಸಿದನಂತೆ. ಹೊರಗಿನಿಂದ ನೋಡಿದವರಿಗೆ ಸುಂದರವಾದ ಮಂದಿರ. ಒಳಗೆ ಗಿರಿಕನೆಂಬ ಕ್ರೂರಿಯ ಕೈಯಲ್ಲಿ ಚಿತ್ರಹಿಂಸೆ. ಒಳಗೆ ಕಾಲಿಟ್ಟವನು ಯಾರೇ ಆಗಲಿ ಹೊರಗೆ ಬರಕೂಡದೆಂಬುದು ಅಲ್ಲಿಯ ನಿಯಮ. ಅಶೋಕನ ನರಕವೆಂದೇ ಹೆಸರಾದ ಆ ಸ್ಥಳವನ್ನು ಏಳನೆಯ ಶತಮಾನದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್‌ನಿಗೂ ಜನ ತೋರಿಸಿದ್ದರು. ಚರಿತ್ರೆಯ ದೃಷ್ಟಿಯಿಂದ ಈ ಕಥೆಗೆ ಆಧಾರ ಕಡಿಮೆ. ಆದರೂ, ಹೊರಗೆ ಚೆಂದ, ಒಳಗೆ ಹಿಂಸೆ, ಹೋದವನಿಗೆ ಬಿಡುಗಡೆಯಿಲ್ಲ ಎಂಬ ಆ ಚಿತ್ರ ಮುಂದಿನ ಕಾಲದ ಹುಚ್ಚಾಸ್ಪತ್ರೆಗಳಿಗೆ ಹೊಂದುವಷ್ಟು ಇನ್ನಾವುದಕ್ಕೂ ಹೊಂದದು.

ಪಟ್ಟಾಭಿಷೇಕವಾಗಿ 8 ವರ್ಷಗಳಾದಾಗ ಕಳಿಂಗದ ಯುದ್ಧ. ಒಂದೂವರೆ ಲಕ್ಷ ಜನ ಸೆರೆಯಾಗಿ ಸಾಗಿಸಲ್ಪಟ್ಟರು, ಒಂದು ಲಕ್ಷ ಜನ ಹತರಾದರು, ಅದಕ್ಕೂ ಎಷ್ಟೋ ಪಟ್ಟು ಜನ ಸತ್ತರು ಎಂದು ಹದಿಮೂರನೆಯ ಬಂಡೆಶಾಸನದಲ್ಲಿ ಗೆದ್ದವನೇ ಲೆಕ್ಕ ಕೊಡುತ್ತಾನೆ. ಸಾಮಾನ್ಯವಾಗಿ ನಾವು ಓದಿ ಮುಂದೆ ಸಾಗುವುದು ಇಷ್ಟನ್ನೇ. ಅದೇ ಶಾಸನದಲ್ಲಿ ಇನ್ನೊಂದು ಸೂಕ್ಷ್ಮ ಮಾತಿದೆ: ಸ್ವತಃ ಗಾಯವಾಗದೆ ಸುರಕ್ಷಿತವಾಗಿ ಉಳಿದವರ ಗೆಳೆಯರಿಗೆ, ನೆಂಟರಿಗೆ, ಒಡನಾಡಿಗಳಿಗೆ ಕೇಡಾದರೆ ಅದು ಉಳಿದವರಿಗೂ ಆದ ಕೇಡೇ ಎಂದು ಅವನು ಪ್ರತ್ಯೇಕವಾಗಿ ಎಣಿಸುತ್ತಾನೆ. ಒಬ್ಬನ ಮೇಲೆ ಬಿದ್ದ ಪೆಟ್ಟು ಒಬ್ಬನಲ್ಲಿಯೇ ನಿಲ್ಲುವುದಿಲ್ಲ ಎಂಬ ಈ ಅರಿವು ಮುಂದೆ ಸೆರೆಯಾಳುಗಳ ಬಗೆಗಿನ ಆಜ್ಞೆಯಲ್ಲಿ ಮತ್ತೆ ಬರುತ್ತದೆ.

ಅವನನ್ನು ಸಂತನೆಂದು ಚಿತ್ರಿಸುವವರು ಕೆಲವನ್ನು ಮರೆಯುತ್ತಾರೆ. ಪಶ್ಚಾತ್ತಾಪಪಟ್ಟ ರಾಜ ಕಳಿಂಗವನ್ನು ಹಿಂದಿರುಗಿಸಲಿಲ್ಲ. ಆ ಪಶ್ಚಾತ್ತಾಪದ ಶಾಸನವನ್ನು ಕಳಿಂಗದಲ್ಲಿ ಕೆತ್ತಿಸಲೂ ಇಲ್ಲ. ಅಡವಿಯ ಜನರಿಗೆ, ನಾನು ಮರುಗಿದ್ದರೂ ದಂಡಿಸುವ ಶಕ್ತಿ ನನ್ನಲ್ಲಿದೆ ಎಂಬ ಎಚ್ಚರಿಕೆ ಕೊಟ್ಟ. ಮರಣದಂಡನೆಯನ್ನು ರದ್ದುಮಾಡಲಿಲ್ಲ, ಶಿಕ್ಷೆಗೆ ಗುರಿಯಾದವನಿಗೆ ಮೂರು ದಿನಗಳ ಅವಕಾಶ ಕೊಡಿಸಿದ, ಅಷ್ಟರಲ್ಲಿ ಬಂಧುಗಳು ಪ್ರಾಣಭಿಕ್ಷೆಗೆ ಪ್ರಯತ್ನಿಸಲಿ ಎಂದು. ನನಗೆ ಈ ಅಶೋಕ ಹೆಚ್ಚು ನಂಬಿಕೆಗೆ ಅರ್ಹನಾಗಿ ತೋರುತ್ತಾನೆ. ರಾಜ್ಯವನ್ನು ಬಿಟ್ಟು ಕಾಡಿಗೆ ಹೋಗುವುದು ಒಂದು ದಾರಿ; ರಾಜ್ಯವನ್ನು ಉಳಿಸಿಕೊಂಡೇ ಅದರ ಹಿಂಸೆಯನ್ನು ತಗ್ಗಿಸಲು ದಿನವೂ ಲೆಕ್ಕ ಹಾಕುವುದು ಇನ್ನೊಂದು. ಅವನು ಹಿಡಿದದ್ದು ಎರಡನೆಯದನ್ನು.

ಬೇಟೆಯ ವಿಹಾರಯಾತ್ರೆಗಳು ನಿಂತು ಧರ್ಮಯಾತ್ರೆಗಳು ಆರಂಭವಾದುದು ಆಳ್ವಿಕೆಯ ಹತ್ತನೆಯ ವರ್ಷದ ಬೋಧಗಯೆಯ ಭೇಟಿಯಿಂದ. ಆಮೇಲೆ ಆಜ್ಞೆಗಳ ಸರಣಿ. ರಾಜ್ಯದ ಉದ್ದಗಲಕ್ಕೂ, ಗಡಿಯಾಚೆಯ ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರ ನಾಡುಗಳಲ್ಲಿಯೂ, ತಾಮ್ರಪರ್ಣಿಯಲ್ಲಿಯೂ, ಗ್ರೀಕ್ ದೊರೆ ಅಂತಿಯೋಕನ ಸೀಮೆಯಲ್ಲಿಯೂ ಮನುಷ್ಯರಿಗೆ ಮತ್ತು ಪಶುಗಳಿಗೆ ಚಿಕಿತ್ಸೆಯ ವ್ಯವಸ್ಥೆ ಮಾಡಿಸಿದುದಾಗಿ ಎರಡನೆಯ ಬಂಡೆಶಾಸನ ಹೇಳುತ್ತದೆ. ಔಷಧಿಯ ಗಿಡಮೂಲಿಕೆ ಇಲ್ಲದ ಕಡೆಗೆ ಅವನ್ನು ತರಿಸಿ ನೆಡಿಸಿದ. ದಾರಿಗಳಲ್ಲಿ ಬಾವಿ, ಮಾವಿನ ತೋಪು, ಅರವಟಿಗೆ, ತಂಗುದಾಣ. ರಾಣಿ ಕಾರುವಾಕಿ ಕೊಟ್ಟ ತೋಪುಗಳನ್ನೂ ದಾನಗೃಹಗಳನ್ನೂ ಅವಳ ಹೆಸರಿನಲ್ಲಿಯೇ ಲೆಕ್ಕವಿಡಬೇಕೆಂದು ಅಲಹಾಬಾದಿನ ಕಂಬದ ಮೇಲೊಂದು ಪುಟ್ಟ ಆಜ್ಞೆಯಿದೆ. ದಿಕ್ಕಿಲ್ಲದವರ ಸೂರಿನ ಖರ್ಚು ಯಾರ ಲೆಕ್ಕಕ್ಕೆ ಎಂಬ ಪ್ರಶ್ನೆ ಅಂದೂ ಎದ್ದಿತ್ತೇನೋ!

ಆರನೆಯ ಬಂಡೆಶಾಸನದಲ್ಲಿ ಅವನು ತನ್ನನ್ನೇ ಕಟ್ಟಿಹಾಕಿಕೊಳ್ಳುತ್ತಾನೆ. ಊಟದ ಹೊತ್ತಾಗಲಿ, ಅಂತಃಪುರದಲ್ಲಿರಲಿ, ಶಯನಗೃಹದಲ್ಲಿರಲಿ, ವಾಹನದಲ್ಲಿರಲಿ, ಉದ್ಯಾನದಲ್ಲಿರಲಿ, ಜನರ ಕೆಲಸದ ವರದಿ ತರುವವರು ಎಲ್ಲಿಯಾದರೂ ಯಾವಾಗಲಾದರೂ ತನ್ನ ಬಳಿಗೆ ಬರಬಹುದು ಎನ್ನುತ್ತಾನೆ. ಅರ್ಜಿ ಹಿಡಿದು ಕಚೇರಿಯ ಮುಂದೆ ನಿಂತ ಯಾರಿಗಾದರೂ ಇದರ ಬೆಲೆ ಗೊತ್ತು.

ಆಳ್ವಿಕೆಯ 13 ವರ್ಷಗಳಾದ ಮೇಲೆ ಅವನು ಧರ್ಮಮಹಾಮಾತ್ರರೆಂಬ ಹೊಸ ಅಧಿಕಾರಿ ವರ್ಗವನ್ನು ನೇಮಿಸಿದ. ಅದರ ವಿವರ ಐದನೆಯ ಬಂಡೆಶಾಸನದಲ್ಲಿದೆ. ಸನ್ನತಿಯಲ್ಲಿ ಉಳಿದ ಕಲ್ಲಿನಲ್ಲಿ ಆ ಭಾಗ ಇಲ್ಲ. ಗಿರ್ನಾರ್, ಕಾಲ್ಸಿ ಮೊದಲಾದೆಡೆ ಇದೆ. ಆಳುಗಳು, ಒಡೆಯರು, ಅನಾಥರು, ವೃದ್ಧರು ಎಲ್ಲರ ಹಿತ ನೋಡುವುದು ಈ ಅಧಿಕಾರಿಗಳ ಕೆಲಸ. ಸೆರೆಯಾಳುಗಳಿಗೆ ನೆರವು ಕೊಡುವುದು, ಬೇಡಿ ಕಳಚಿಸುವುದು, ಬಿಡುಗಡೆ ಮಾಡಿಸುವುದೂ ಅವರದೇ. ಯಾವ ಸೆರೆಯಾಳಿಗೆ ಎಂಬುದನ್ನೂ ಹೇಳಿದೆ: ಮಕ್ಕಳೊಂದಿಗನಿಗೆ, ಮುಪ್ಪಾದವನಿಗೆ ಮತ್ತು ಮೂರನೆಯ ಒಬ್ಬನಿಗೆ. ಆ ಮೂರನೆಯವನನ್ನು ಹೇಳುವ ಪ್ರಾಕೃತ ಶಬ್ದ ಕಟಾಭಿಕಾರ. ಅಶೋಕನ ಶಾಸನಗಳನ್ನು 1925ರಲ್ಲಿ ಸಂಪುಟವಾಗಿ ಪ್ರಕಟಿಸಿದ ಜರ್ಮನ್ ವಿದ್ವಾಂಸ ಹುಲ್ಟ್ಸ್ ಇದಕ್ಕೆ ಮಾಟಕ್ಕೆ ಒಳಗಾದವನು ಎಂಬರ್ಥ ಕೊಟ್ಟರು. ಬಾಧೆಗೆ ಒಳಗಾದವನು, ಪರರ ಪ್ರಚೋದನೆಯಿಂದ ತಪ್ಪು ಮಾಡಿದವನು ಎಂದು ಬೇರೆಯವರು ಓದಿದ್ದಾರೆ. ಹುಲ್ಟ್ಸರ ಅರ್ಥವನ್ನೇ ಹಿಡಿದರೆ, ನಮ್ಮ ಹಳ್ಳಿಗಳಲ್ಲಿ ಗಾಳಿ ಸೋಕಿದವನು, ಮೈಮೇಲೆ ಬಂದವನು ಎನ್ನುತ್ತಾರಲ್ಲ, ಅಂಥವನೇ ಇವನು. ಮನಸ್ಸಿನ ಕಾಯಿಲೆಗೆ ಬೇರೆ ಹೆಸರಿಲ್ಲದ ಕಾಲದಲ್ಲಿ ಅದರ ಹೆಸರು ಇದೇ. ತನ್ನ ಕೈ ಮೀರಿದ ಶಕ್ತಿಗೆ ಸಿಕ್ಕವನನ್ನು ಕೊಳೆಯಲು ಬಿಡಬಾರದು, ಅವನಿಗಾಗಿ ಒಬ್ಬ ಅಧಿಕಾರಿ ಓಡಾಡಬೇಕು ಎಂದಾಯಿತು. ಒಂದು ಶಬ್ದವನ್ನು ನಂಬಿ ಅಶೋಕನನ್ನು ಮನೋವೈದ್ಯಕೀಯದ ಪಿತಾಮಹನಾಗಿಸುವುದು ಬೇಡ. ಆದರೆ ಆ ಶಬ್ದ ಅಲ್ಲಿದೆ.

ಸನ್ನತಿಯಲ್ಲಿರುವ ಮೊದಲನೆಯ ಪ್ರತ್ಯೇಕ ಶಾಸನ ಇದಕ್ಕೆ ಹೊಂದಿಕೊಂಡ ಆಡಳಿತ ಪತ್ರ. ಅಲ್ಲಿ ಕಳೆದುಹೋದ ಭಾಗವನ್ನು ಧೌಲಿ, ಜೌಗಡಗಳ ಪಾಠದಿಂದ ತುಂಬಿಕೊಂಡು ಓದಬೇಕು. ನಗರಗಳಲ್ಲಿ ನ್ಯಾಯ ವಿಚಾರಣೆ ಮಾಡುವ ಮಹಾಮಾತ್ರರನ್ನು ಉದ್ದೇಶಿಸಿ ಅಶೋಕ ಹೇಳುವುದೇನೆಂದರೆ, ಸಾವಿರಾರು ಜೀವಗಳನ್ನು ನಿಮ್ಮ ಕೈಗೆ ಕೊಟ್ಟಿರುವುದು ಅವರ ಪ್ರೀತಿಯನ್ನು ಗಳಿಸಲಿ ಎಂದು. ಮನುಷ್ಯರೆಲ್ಲ ತನ್ನ ಮಕ್ಕಳೆಂಬ ಅವನ ಪ್ರಸಿದ್ಧವಾದ ಮಾತು ಬರುವುದು ಇಲ್ಲಿಯೇ. ಆ ಮಾತನ್ನು ಭಾಷಣಗಳಲ್ಲಿ ಎತ್ತಿ ಹೇಳುವವರು ಮುಂದಿನದನ್ನು ಓದುವುದಿಲ್ಲ. ಈ ಮಾತಿನ ಅರ್ಥ ಎಷ್ಟು ದೂರ ಹೋಗುತ್ತದೆಂಬುದು ನಿಮಗೆ ತಿಳಿದಿಲ್ಲ, ಎಲ್ಲೋ ಒಬ್ಬನಿಗೆ ತಿಳಿದರೂ ಅರ್ಧ ಮಾತ್ರ ತಿಳಿದಿದೆ ಎಂದು ರಾಜ ತನ್ನ ಅಧಿಕಾರಿಗಳನ್ನು ಗದರಿಸುತ್ತಾನೆ. ಒಬ್ಬನು ಕಾರಣವಿಲ್ಲದೆ ಸೆರೆಗೆ ಬೀಳುತ್ತಾನೆ, ಹಿಂಸೆಗೆ ಗುರಿಯಾಗುತ್ತಾನೆ. ಅದರಿಂದ ಇನ್ನೂ ಎಷ್ಟೋ ಜನ ದುಃಖಪಡುತ್ತಾರೆ. ಹೀಗಾಗದಂತೆ ನೀವು ಮಧ್ಯಮ ಮಾರ್ಗವನ್ನು ಹಿಡಿಯಬೇಕು ಎನ್ನುತ್ತಾನೆ.

ಹಿಡಿಯದಿರಲು ಕಾರಣವೇನು ಎಂಬ ಪಟ್ಟಿಯೂ ಇದೆ. ಅಸೂಯೆ, ಮುಂಗೋಪ, ನಿಷ್ಠುರತೆ, ಅವಸರ, ಅಭ್ಯಾಸದ ಕೊರತೆ, ಆಲಸ್ಯ, ದಣಿವು. ಮೊದಲ ಮೂರನ್ನು ಯಾವ ಧರ್ಮಗ್ರಂಥವಾದರೂ ಹೇಳೀತು. ಕೊನೆಯ ನಾಲ್ಕನ್ನು ಬರೆಯಬೇಕಾದರೆ ಕಚೇರಿ ನಡೆಸಿ ಗೊತ್ತಿರಬೇಕು. ದಾರಿಯಲ್ಲಿ ಬಿದ್ದವನನ್ನು ನೋಡಿಯೂ ನೋಡದಂತೆ ಹೋಗುವ ಪೊಲೀಸನಲ್ಲಿ, ಅಂಥವನಿಗೆ ಹಾಸಿಗೆ ಇಲ್ಲವೆನ್ನುವ ಆಸ್ಪತ್ರೆಯ ಸಿಬ್ಬಂದಿಯಲ್ಲಿ ಬಹುಪಾಲು ಇರುವುದು ಕ್ರೌರ್ಯವಲ್ಲ. ತರಬೇತಿಯಿಲ್ಲದಿರುವುದು ಮತ್ತು ದಣಿವು. ದಣಿದವನು ಮೇಲೇಳುವುದಿಲ್ಲ ಎಂದು ಅಶೋಕ ಕಂಡುಕೊಂಡಿದ್ದ.

ಉಪದೇಶ ಇಲ್ಲಿಗೆ ಮುಗಿದು ವ್ಯವಸ್ಥೆ ಶುರುವಾಗುತ್ತದೆ. ತಿಷ್ಯ ನಕ್ಷತ್ರದ ದಿನಗಳಲ್ಲಿ ಈ ಆಜ್ಞೆಯನ್ನು ಓದಿ ಕೇಳಿಸಬೇಕು. ನಡುನಡುವೆ, ಕೇಳುವವನು ಒಬ್ಬನೇ ಇದ್ದರೂ ಓದಬೇಕು. ಕಠೋರನಲ್ಲದ, ಉಗ್ರನಲ್ಲದ, ಮೃದುವಾಗಿ ನಡೆದುಕೊಳ್ಳುವ ಮಹಾಮಾತ್ರನೊಬ್ಬನನ್ನು ಐದು ವರ್ಷಕ್ಕೊಮ್ಮೆ ತಪಾಸಣೆಗೆ ಕಳುಹಿಸುತ್ತೇನೆ. ಉಜ್ಜಯಿನಿ, ತಕ್ಷಶಿಲೆಗಳಿಂದ ಮೂರು ವರ್ಷ ಮೀರದಂತೆ ಹೊರಡಬೇಕು ಎಂದಿದೆ. ಭಾಷೆ ಪ್ರಾಕೃತ, ಭೀಮಾ ತೀರದ ಜನರ ಆಡುಮಾತು ಅದಾಗಿರಲಾರದು. ಆದುದರಿಂದಲೇ ಕಲ್ಲು ನಿಲ್ಲಿಸಿ ಕೈತೊಳೆದುಕೊಳ್ಳದೆ, ಓದಿ ಹೇಳುವ ಹೊಣೆಯನ್ನೂ ಕಲ್ಲಿನ ಮೇಲೆಯೇ ಬರೆಸಿದ.

ಕಾಯಿಲೆಯ ಕುರಿತ ಇನ್ನೊಂದು ಮಾತು ಒಂಬತ್ತನೆಯ ಬಂಡೆಶಾಸನದಲ್ಲಿದೆ. ರೋಗ ಬಂದಾಗ, ಮದುವೆಯಲ್ಲಿ, ಪ್ರಯಾಣದಲ್ಲಿ ಜನ, ಅದರಲ್ಲೂ ತಾಯಂದಿರು, ಬಗೆಬಗೆಯ ಮಂಗಳಕ್ರಿಯೆಗಳನ್ನು ಮಾಡುತ್ತಾರೆ. ಅವು ಅಲ್ಪಫಲದವು ಎನ್ನುತ್ತಾನೆ, ಆದರೆ ನಿಷೇಧಿಸುವುದಿಲ್ಲ. ಆಳುಕಾಳುಗಳನ್ನು ಸರಿಯಾಗಿ ನಡೆಸಿಕೊಳ್ಳುವುದೇ ಹೆಚ್ಚು ಫಲ ಕೊಡುವ ಮಂಗಳ ಎಂದು ಪಕ್ಕಕ್ಕೆ ಒಂದು ಮಾತು ಸೇರಿಸುತ್ತಾನೆ. ಮನೋರೋಗಿಗಳನ್ನು ದೇವಸ್ಥಾನ, ದರ್ಗಾಗಳಿಗೆ ಕರೆದೊಯ್ಯುವವರನ್ನು ಮೂಢರೆಂದು ಹೀಯಾಳಿಸುವ ವಿಚಾರವಂತರಿಗೆ ಈ ಸಂಯಮ ಬೇಕು. ಬೇರೆಲ್ಲೂ ಬಾಗಿಲು ತೆರೆಯದಿದ್ದಾಗ ಅಲ್ಲಿಯ ಅಂಗಳ ತೆರೆದಿತ್ತು. ಆದರೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಸಮೀಪದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದು, ಸರಪಳಿ ಬಿಗಿದಿದ್ದ 28 ರೋಗಿಗಳು ಓಡಲಾಗದೆ ಸುಟ್ಟುಹೋದರು. ಬರೀ ಸೂರು ಸಾಲದೆಂದು ದೇಶಕ್ಕೆ ತಿಳಿದದ್ದು ಅಂದು.

ಅಶೋಕನ ಕೊನೆಗಾಲದ ಬಗ್ಗೆ ಶಾಸನಗಳು ಮೌನವಾಗಿವೆ. ಆಳ್ವಿಕೆಯ 26ನೆಯ ವರ್ಷದ ಕಂಬಶಾಸನದಲ್ಲಿ, ಅದುವರೆಗೆ 25 ಬಾರಿ ಸೆರೆಯಾಳುಗಳನ್ನು ಬಿಡುಗಡೆ ಮಾಡಿಸಿದ್ದಾಗಿ ಅವನು ದಾಖಲಿಸಿದ. ಮರುವರ್ಷದ ಶಾಸನವೇ ಕೊನೆಯದು. ಕಥೆಯ ಪ್ರಕಾರ ಮುದಿರಾಜ ಸಂಘಕ್ಕೆ ದಾನ ಕೊಡುತ್ತಲೇ ಹೋದಾಗ ಮಂತ್ರಿಗಳು ಬೊಕ್ಕಸವನ್ನು ಅವನ ಕೈಯಿಂದ ತಪ್ಪಿಸಿದರು. ಕಡೆಗೆ ಅವನ ಪಾಲಿಗೆ ಉಳಿದದ್ದು ಅರ್ಧ ನೆಲ್ಲಿಕಾಯಿ. ಅದನ್ನೂ ವಿಹಾರಕ್ಕೆ ಕಳುಹಿಸಿಕೊಟ್ಟ. ಸುಮಾರು ಕ್ರಿ.ಪೂ. 232ರಲ್ಲಿ ತೀರಿಕೊಂಡ. ಮುಂದಿನ ಐವತ್ತು ವರ್ಷಗಳೊಳಗೆ ಕೊನೆಯ ಮೌರ್ಯ ದೊರೆಯನ್ನು ಅವನ ಸೇನಾಪತಿಯೇ ಕೊಂದ. ಧರ್ಮಮಹಾಮಾತ್ರರ ಹುದ್ದೆ ಅಳಿಯಿತು, ತಪಾಸಣೆಯ ಪ್ರವಾಸಗಳು ನಿಂತವು. ಲಿಪಿಯೇ ಮರೆತುಹೋಯಿತು. ಅವನ ಬಿರುದಾಗಿದ್ದ ದೇವಾನಾಂಪ್ರಿಯ ಎಂಬ ಪದಕ್ಕೆ ಸಂಸ್ಕೃತ ವೈಯಾಕರಣರು ಮೂರ್ಖನೆಂಬ ಅರ್ಥವನ್ನು ಹಚ್ಚಿದರು.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಓದಿದ ಮೇಲೆಯೂ ಅದರ ಒಡೆಯ ಯಾರೆಂಬುದು ಖಚಿತವಾಗಲು ಕರ್ನಾಟಕವೇ ಬೇಕಾಯಿತು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಶಾಸನದಲ್ಲಿ ಅಶೋಕನ ಹೆಸರಿತ್ತು. ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1994ರಿಂದ 2001ರವರೆಗೆ ನಡೆಸಿದ ಉತ್ಖನನದಲ್ಲಿ ದೊಡ್ಡ ಬೌದ್ಧ ಸ್ತೂಪದ ಅವಶೇಷಗಳು ದೊರೆತವು. ಅಲ್ಲಿಯ ಫಲಕವೊಂದರಲ್ಲಿ ರಾಣಿಯೊಂದಿಗೆ, ಛತ್ರ ಚಾಮರ ಹಿಡಿದ ಪರಿಚಾರಿಕೆಯರ ನಡುವೆ ರಾಜನೊಬ್ಬ ನಿಂತಿದ್ದಾನೆ. ಅವನು ರಾಜ ಅಶೋಕ ಎಂದು ಬ್ರಾಹ್ಮಿಯಲ್ಲಿ ಬರೆದಿದೆ. ಅವನು ಸತ್ತು ಕೆಲವು ತಲೆಮಾರುಗಳಾದ ಮೇಲೆ ಕೆತ್ತಿದ ಶಿಲ್ಪ, ರೂಪುಸಾಮ್ಯ ಇರಲಾರದು. ಆದರೆ ಸಾಮ್ರಾಜ್ಯ ಅಳಿದ ಮೇಲೂ ಭೀಮೆಯ ದಂಡೆಯವರು ಅವನನ್ನು ಹೆಸರಿಟ್ಟು ನೆನೆದರು.

ಅವನ ಆಜ್ಞೆಯ ಎಷ್ಟು ಭಾಗ ನಮಗೆ ಇಂದು ಕಾನೂನಾಗಿದೆ? ಯಾವ ಅಪರಾಧವನ್ನೂ ಮಾಡದ ಮನೋರೋಗಿಗಳನ್ನು ಜೈಲಿನಲ್ಲಿಡುವುದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ ಶೀಲಾ ಬರ್ಸೆ ಪ್ರಕರಣದಲ್ಲಿ ಹೇಳಿದ್ದು 1993ರಲ್ಲಿ. ಅದುವರೆಗೆ ಪಶ್ಚಿಮ ಬಂಗಾಳದ ಜೈಲುಗಳಲ್ಲಿ ಅಂಥವರಿಗಾಗಿ ಒಂದು ಪ್ರತ್ಯೇಕ ವರ್ಗವೇ ಇತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, 2018ರ ಮೇ ತಿಂಗಳಲ್ಲಿ ಜಾರಿಗೆ ಬಂದದ್ದು, ಇನ್ನೂ ಮುಂದೆ ಹೋಯಿತು. ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ತೊಂದರೆಗಳನ್ನೂ ಅದು ಕಾಯಿಲೆಯೆಂದೇ ಪರಿಗಣಿಸುತ್ತದೆ. ಬೀದಿಯಲ್ಲಿ ಅಲೆಯುವ ಮನೋರೋಗಿಯನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಆಯಾ ಠಾಣೆಯ ಕರ್ತವ್ಯ; ಲಾಕಪ್ಪಿನಲ್ಲಿ ಇಡುವಂತಿಲ್ಲ; 24 ಗಂಟೆಗಳೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು; ಕಾಣೆಯಾದ ವ್ಯಕ್ತಿಯೆಂದು ಪ್ರಕರಣ ದಾಖಲಿಸಿ ಮನೆಯವರನ್ನು ಹುಡುಕಬೇಕು. ಮನೆಯಿಲ್ಲ ಎಂಬ ಕಾರಣಕ್ಕೆ, ಮನೆಯವರು ಒಲ್ಲರು ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ಅಂಥವರಿಗಾಗಿ ಮಧ್ಯಂತರ ವಸತಿ, ಆಶ್ರಿತ ವಸತಿ, ನೆರವಿನೊಂದಿಗಿನ ವಸತಿಗಳನ್ನು ಸರ್ಕಾರವೇ ಒದಗಿಸಬೇಕು.

ನೆರವಿನೊಂದಿಗಿನ ವಸತಿ ಎಂದರೆ ಹೊಸ ಆಸ್ಪತ್ರೆಯಲ್ಲ, ಅನಾಥಾಶ್ರಮವೂ ಅಲ್ಲ. ಸಾಮಾನ್ಯ ಓಣಿಯಲ್ಲಿ ಒಂದು ಸಾಮಾನ್ಯ ಮನೆ. ಅಲ್ಲಿ ನಾಲ್ಕೈದು ಜನರ ವಾಸ, ಔಷಧಿ ನೆನಪಿಸುವ, ಜೊತೆಗಿರುವ ಒಬ್ಬ ಸಹಾಯಕಿ, ವಾರಕ್ಕೋ ತಿಂಗಳಿಗೋ ಬರುವ ವೈದ್ಯರು. 1993ರಲ್ಲಿ ಚೆನ್ನೈಯಲ್ಲಿ ಹುಟ್ಟಿದ ದ ಬ್ಯಾನಿಯನ್ ಸಂಸ್ಥೆ, ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಉಳಿದುಹೋಗಿದ್ದ ಮಹಿಳೆಯರನ್ನು 2015ರಿಂದ ಇಂಥ ಬಾಡಿಗೆ ಮನೆಗಳಿಗೆ ಕಳುಹಿಸುತ್ತ ಬಂತು. ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ 1992ರಲ್ಲಿ ಆರಂಭಿಸಿದ ಪ್ರಯೋಗ ಇನ್ನೂ ಧೈರ್ಯದ್ದು: ಕುಡಿತ ಬಿಟ್ಟ ಮೇಲೆ ಮನೆ ಎನ್ನುವ ಬದಲು, ಮೊದಲು ಮನೆ, ಆಮೇಲೆ ಕುಡಿತದ ಚಿಕಿತ್ಸೆ. ರಾತ್ರಿ ಎಲ್ಲಿ ಮಲಗುವುದೆಂಬ ಭಯವಿದ್ದವನಿಗೆ ಬಿಡುವ ಶಕ್ತಿ ಎಲ್ಲಿಂದ ಬಂದೀತು ಎಂಬುದು ಅದರ ತರ್ಕ. ಫಿನ್ಲೆಂಡ್ 2008ರಿಂದ ಇದನ್ನೇ ರಾಷ್ಟ್ರನೀತಿಯಾಗಿಸಿಕೊಂಡಿತು.

ಕಲಬುರಗಿ ಸೀಮೆಗೆ ಇದು ದೂರದ ಕನಸೆಂದು ತಳ್ಳಿಹಾಕುವವರು ಬಳ್ಳಾರಿಯನ್ನು ನೆನೆಯಬೇಕು. ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಒಯ್ಯಬಹುದೆಂದು ನಿಮ್ಹಾನ್ಸ್ 1985ರಲ್ಲಿ ಪ್ರಯೋಗ ಆರಂಭಿಸಿದ್ದು ಕಲ್ಯಾಣ ಕರ್ನಾಟಕದ ಆ ಜಿಲ್ಲೆಯಲ್ಲಿಯೇ. 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೂ ಅದೇ. ಔಷಧಿ ತಾಲ್ಲೂಕಿಗೆ ಬರಬಹುದಾದರೆ ಸೂರೂ ಬರಬಹುದು.

ಅಡ್ಡಿ ಇರುವುದು ಲೆಕ್ಕದಲ್ಲಿ. 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ನಿರ್ವಸತಿಗರ ಆಶ್ರಯವನ್ನು ಒಂದು ಲಕ್ಷ ನಗರವಾಸಿಗಳಿಗೆ ನೂರು ಜನರ ವಸತಿ ಎಂಬ ಪ್ರಮಾಣದಲ್ಲಿ ಅಳೆಯಿತು. ಶಹಾಬಾದ, ವಾಡಿ, ಸೇಡಂ, ಚಿತ್ತಾಪುರ, ಚಿಂಚೋಳಿ ಇವುಗಳಲ್ಲಿ ಯಾವುದೂ ಒಂದು ಲಕ್ಷದ ಊರಲ್ಲ. ಆದರೆ ರೈಲು ಜನಸಂಖ್ಯೆ ನೋಡಿ ನಿಲ್ಲುವುದಿಲ್ಲ, ಹಳಿ ಕೂಡುವ ಕಡೆ ನಿಲ್ಲುತ್ತದೆ. ಐದು ಊರುಗಳನ್ನು ಒಂದೇ ಘಟಕವಾಗಿ ಎಣಿಸಿದರೆ ಚಿತ್ರ ಬದಲಾಗುತ್ತದೆ. ವಾಡಿಯ ರೈಲ್ವೆ ಪೊಲೀಸರು, ಚಿತ್ತಾಪುರ ಮತ್ತು ಸೇಡಂನ ತಾಲ್ಲೂಕು ಆಸ್ಪತ್ರೆಗಳು, ಕಲಬುರಗಿಯ ವೈದ್ಯಕೀಯ ಕಾಲೇಜು ಇವು ಆಗಲೇ ಇವೆ. ಸೇರಬೇಕಾದದ್ದು ಈ ಪಟ್ಟಣಗಳ ಓಣಿಗಳಲ್ಲಿ ಕೆಲವು ಬಾಡಿಗೆ ಮನೆಗಳು ಮತ್ತು ಅಶೋಕ ಕೇಳಿದಂಥ, ಕಠೋರನಲ್ಲದ ಒಬ್ಬ ಅಧಿಕಾರಿ. ಸಿಮೆಂಟ್ ಕಾರ್ಖಾನೆಗಳ ಸಾಮಾಜಿಕ ಹೊಣೆಗಾರಿಕೆಯ ಹಣಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ಹತ್ತಿರದ ಕೆಲಸ ಇದ್ದಂತಿಲ್ಲ.

ವಾಡಿಯ ಪ್ಲಾಟ್‌ಫಾರ್ಮಿನಿಂದ ಒಬ್ಬನನ್ನು ಎತ್ತಿ ಆಸ್ಪತ್ರೆಗೆ ಒಯ್ಯಲು ಕಾಯಿದೆ 24 ಗಂಟೆಗಳ ಗಡುವು ಕೊಟ್ಟಿದೆ. ಚಿಕಿತ್ಸೆ ಮುಗಿದು ಹೊರಬಂದ ರಾತ್ರಿ ಅವನು ಮಲಗುವ ಮನೆಯ ವಿಳಾಸವನ್ನೂ ಆ ಮನೆಗೆ ಹೊಣೆಯಾದ ಅಧಿಕಾರಿಯ ಹೆಸರನ್ನೂ ಜಿಲ್ಲಾಡಳಿತ ಕನ್ನಡದಲ್ಲಿ ಬರೆಸಿ ನಿಲ್ದಾಣದ ಗೋಡೆಯ ಮೇಲೆ ಹಾಕಬೇಕು. ಓದಲು ಬಾರದವನಿಗೆ ಯಾರಾದರೊಬ್ಬರು ಓದಿ ಹೇಳಲಿ.